ಪಾಸ್‌ವರ್ಡ್ ಸರಿ ಇದೆ, ಆದರೂ ಒಳಗೆ ಬಿಡುತ್ತಿಲ್ಲ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಇವತ್ತಿನ ವಿಷಯ ಚಿಕ್ಕದು, ಆದರೆ ತಲೆ ತಿನ್ನುವುದು ಜಾಸ್ತಿ. ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ ಅಂತಿಟ್ಟುಕೊಳ್ಳಿ. ಕೆಳಗೆ ಹಾಲಿನಲ್ಲಿ ಹಳೇ ಡೆಸ್ಕ್‌ಟಾಪ್. ಮದುವೆ, ನಾಮಕರಣ, ಪ್ರವಾಸದ ಫೋಟೋಗಳೆಲ್ಲ ಅದರಲ್ಲೇ ಇವೆ, ಅಂಗಡಿಯ ಲೆಕ್ಕವೂ ಅದರಲ್ಲೇ. ಮಹಡಿ ಮೇಲೆ ಮಗಳ ಲ್ಯಾಪ್‌ಟಾಪ್. ಎರಡಕ್ಕೂ ಒಂದೇ ವೈಫೈ. ಕೆಳಗಿನ ಫೋಲ್ಡರನ್ನು ಮೇಲಿಂದ ತೆರೆಯಬೇಕು. ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುವುದು ಯಾಕೆ ಅಂತ ಫೋಲ್ಡರ್ ಶೇರ್ ಮಾಡಿದ್ದೀರಿ. ಮೇಲೆ ಹೋಗಿ ನೋಡಿದರೆ ಹಾಲಿನ ಕಂಪ್ಯೂಟರಿನ ಹೆಸರು ಕಾಣಿಸುತ್ತಿದೆ. ಖುಷಿಯಿಂದ ಎರಡು ಸಲ ಕ್ಲಿಕ್ ಮಾಡುತ್ತೀರಿ. ಒಂದು ಪೆಟ್ಟಿಗೆ ಎದ್ದು ಬರುತ್ತದೆ: ಯೂಸರ್ ನೇಮ್ ಕೊಡಿ, ಪಾಸ್‌ವರ್ಡ್ ಕೊಡಿ. ದಿನಾ ಹಾಕುವುದನ್ನೇ ಹಾಕುತ್ತೀರಿ. ತಪ್ಪು ಅನ್ನುತ್ತದೆ. ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿಕೊಂಡು ಹಾಕುತ್ತೀರಿ. ಆಗಲೂ ತಪ್ಪು.

ಇಲ್ಲಿಗೆ ಬಂದ ಮೇಲೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಪೆನ್‌ಡ್ರೈವಿಗೆ ವಾಪಸ್ ಹೋಗುತ್ತಾರೆ. ಉಳಿದವರು ಯೂಟ್ಯೂಬ್ ನೋಡಿ ಪಾಸ್‌ವರ್ಡ್ ಕೇಳುವುದನ್ನೇ ಆಫ್ ಮಾಡುತ್ತಾರೆ. ಎರಡನೆಯದರ ಬಗ್ಗೆ ಆಮೇಲೆ ಜಗಳ ಆಡೋಣ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಪೆಟ್ಟಿಗೆ ಕೇಳುತ್ತಿರುವುದು ಯಾರ ಹೆಸರು, ಯಾವ ಕಂಪ್ಯೂಟರಿನ ಪಾಸ್‌ವರ್ಡ್?

ಉತ್ತರ: ಆ ಕಡೆಯ ಕಂಪ್ಯೂಟರಿನದು. ಫೋಲ್ಡರ್ ಎಲ್ಲಿದೆಯೋ ಅಲ್ಲಿಯದು. ಮಗಳ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬೇಡ, ವೈಫೈ ಪಾಸ್‌ವರ್ಡ್ ಬೇಡ, ಜೀಮೇಲ್ ಪಾಸ್‌ವರ್ಡಂತೂ ಬೇಡವೇ ಬೇಡ. ಪೆಟ್ಟಿಗೆ ಕಾಣಿಸಿದ್ದು ಲ್ಯಾಪ್‌ಟಾಪಿನ ಪರದೆ ಮೇಲೆ, ಹಾಗಾಗಿ ಕೈ ತಾನಾಗಿ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಟೈಪ್ ಮಾಡುತ್ತದೆ. ನನ್ನನ್ನು ಕರೆಸಿಕೊಂಡ ಮನೆಗಳಲ್ಲಿ ತುಂಬಾ ಕಡೆ ತೊಂದರೆ ಇಷ್ಟೇ ಆಗಿತ್ತು.

ಯಾಕೆ ಹೀಗೆ? ಆಫೀಸಿನಲ್ಲಿ ಹೀಗಿರುವುದಿಲ್ಲ. ಅಲ್ಲಿ ಡೊಮೇನ್ ಅಂತ ಇರುತ್ತದೆ. ಎಲ್ಲರ ಹೆಸರೂ ಪಾಸ್‌ವರ್ಡೂ ಒಂದು ಸರ್ವರಿನಲ್ಲಿ ಇರುತ್ತವೆ, ಎಲ್ಲ ಕಂಪ್ಯೂಟರುಗಳೂ ಅದನ್ನೇ ಕೇಳುತ್ತವೆ. ಮನೆಯಲ್ಲಿರುವುದು ವರ್ಕ್‌ಗ್ರೂಪ್. ಇದರಲ್ಲಿ ಯಜಮಾನ ಯಾರೂ ಇಲ್ಲ. ಒಂದೊಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದೊಂದು ರಿಜಿಸ್ಟರ್ ಇಟ್ಟಿರುತ್ತಾರಲ್ಲ, ಹಾಗೆ ಒಂದೊಂದು ಕಂಪ್ಯೂಟರಿನಲ್ಲೂ ಅದರದ್ದೇ ಪಟ್ಟಿ. ಎರಡೂ ಕಂಪ್ಯೂಟರಿನಲ್ಲಿ ‘ಸುಮಾ’ ಅಂತ ಅಕೌಂಟ್ ಇದ್ದರೂ ಅವು ಎರಡು ಬೇರೆ ಬೇರೆ ಸುಮಾಗಳು.

ಇದರಲ್ಲೊಂದು ತಮಾಷೆ ಇದೆ. ನೀವು ಕ್ಲಿಕ್ ಮಾಡಿದ ತಕ್ಷಣ ಪೆಟ್ಟಿಗೆ ಬರುವುದಿಲ್ಲ. ಮೊದಲು ವಿಂಡೋಸ್ ನಿಮಗೆ ಹೇಳದೆ ಒಂದು ಪ್ರಯತ್ನ ಮಾಡಿರುತ್ತದೆ. ನೀವು ಈಗ ಲಾಗಿನ್ ಆಗಿರುವ ಹೆಸರು ಮತ್ತು ಪಾಸ್‌ವರ್ಡನ್ನೇ ಆ ಕಡೆಗೆ ತೋರಿಸಿ ನೋಡುತ್ತದೆ. ಎರಡೂ ಕಡೆ ಹೆಸರೂ ಪಾಸ್‌ವರ್ಡೂ ಒಂದೇ ಆಗಿದ್ದರೆ ಬಾಗಿಲು ತೆರೆದುಕೊಂಡುಬಿಡುತ್ತದೆ, ಏನೂ ಕೇಳುವುದೇ ಇಲ್ಲ. ‘ಪಕ್ಕದ ಮನೆಯವರಿಗೆ ಪಾಸ್‌ವರ್ಡೇ ಕೇಳಲ್ಲ, ನಮಗೆ ಮಾತ್ರ ಕೇಳುತ್ತೆ’ ಅಂತ ಗೊಣಗುತ್ತೀರಲ್ಲ, ಬಹಳ ಸಲ ಕಾರಣ ಇದು. ಅವರ ಮನೆಯಲ್ಲಿ ಎರಡೂ ಕಂಪ್ಯೂಟರಿಗೆ ಒಬ್ಬರೇ ಕೂತು ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿರುತ್ತಾರೆ. ಪೆಟ್ಟಿಗೆ ಬಂತು ಅಂದರೆ ಆ ಮೊದಲ ಗುಟ್ಟಿನ ಪ್ರಯತ್ನ ಸೋತಿದೆ ಅಂತ ಅರ್ಥ.

ಸರಿ, ಆ ಕಡೆಯದ್ದೇ ಹೆಸರು ಹಾಕೋಣ. ಯಾವ ಹೆಸರು? ಕಂಪ್ಯೂಟರ್ ಆನ್ ಮಾಡಿದಾಗ ಪರದೆ ಮೇಲೆ ‘ಅಪ್ಪ’ ಅಂತ ದೊಡ್ಡದಾಗಿ ತೋರಿಸುತ್ತದೆ. ಅದು ಅಲಂಕಾರಕ್ಕೆ ಇರುವ ಹೆಸರು. ಒಳಗಿನ ಲಾಗಿನ್ ಹೆಸರು ಬೇರೆ ಇರಬಹುದು. ಕಂಪ್ಯೂಟರ್ ಕೊಟ್ಟ ಅಂಗಡಿಯವರು ‘ಅಡ್ಮಿನ್’ ಅಂತಲೋ ‘ಯೂಸರ್’ ಅಂತಲೋ ಅಕೌಂಟ್ ಮಾಡಿರುತ್ತಾರೆ. ನೀವು ಆಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅದನ್ನು ‘ಅಪ್ಪ’ ಅಂತ ಬದಲಾಯಿಸಿರುತ್ತೀರಿ. ಬದಲಾದದ್ದು ತೋರಿಕೆಯ ಹೆಸರು ಮಾತ್ರ. ನೆಟ್‌ವರ್ಕಿಗೆ ಇವತ್ತಿಗೂ ನೀವು ‘ಯೂಸರ್’. ಮೈಕ್ರೋಸಾಫ್ಟ್ ಅಕೌಂಟಿನಿಂದ ಶುರು ಮಾಡಿದ ಕಂಪ್ಯೂಟರಾದರೆ ಇನ್ನೂ ಚೆಂದ. ಇಮೇಲಿನ ಮೊದಲ ಐದು ಅಕ್ಷರ ಕತ್ತರಿಸಿ ಅದನ್ನೇ ಯೂಸರ್ ಫೋಲ್ಡರಿನ ಹೆಸರು ಮಾಡಿಟ್ಟಿರುತ್ತದೆ.

ನಿಜವಾದ ಹೆಸರು ತಿಳಿಯಲು ಒಂದು ಸುಲಭ ದಾರಿ ಇದೆ. ಫೋಲ್ಡರ್ ಇರುವ ಕಂಪ್ಯೂಟರಿನ ಮುಂದೆ ಕೂತುಕೊಳ್ಳಿ. ಸ್ಟಾರ್ಟ್ ಒತ್ತಿ ‘ಸಿಎಂಡಿ’ ಅಂತ ಮೂರು ಅಕ್ಷರ ಟೈಪ್ ಮಾಡಿ, ಎಂಟರ್ ಒತ್ತಿ. ಕಪ್ಪು ಕಿಟಕಿ ಬರುತ್ತದೆ. ಹೆದರಬೇಡಿ. ಅಲ್ಲಿ ‘ಹೂ ಆಮ್ ಐ’ ಅನ್ನುವುದನ್ನು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಒಂದೇ ಸಾಲಿನ ಉತ್ತರ ಬರುತ್ತದೆ: ಹಾಲ್‌ಪಿಸಿ\ಯೂಸರ್ ಅನ್ನುವ ಹಾಗೆ. ನಡುವೆ ಇರುವ ವಾಲಿದ ಗೆರೆ ಬ್ಯಾಕ್‌ಸ್ಲ್ಯಾಶ್. ಅದರ ಎಡಕ್ಕೆ ಕಂಪ್ಯೂಟರಿನ ಹೆಸರು, ಬಲಕ್ಕೆ ನಿಮ್ಮ ಹೆಸರು. ಈ ಸಾಲನ್ನು ಹಾಗೇ ಒಂದು ಚೀಟಿಯಲ್ಲಿ ಬರೆದುಕೊಂಡು ಮೇಲೆ ಹೋಗಿ, ಪೆಟ್ಟಿಗೆಯ ಯೂಸರ್ ನೇಮ್ ಜಾಗದಲ್ಲಿ ಪೂರ್ತಿ ಸಾಲು ಹಾಕಿ. ಬರೀ ‘ಯೂಸರ್’ ಅಂತ ಹಾಕಿದರೆ ಯಾವ ಕಂಪ್ಯೂಟರಿನ ಯೂಸರ್ ಅನ್ನುವ ಗೊಂದಲ ಉಳಿಯಬಹುದು. ಎಡಗಡೆಯ ಹೆಸರು ಸೇರಿಸಿದರೆ ಗೊಂದಲಕ್ಕೆ ಜಾಗವಿಲ್ಲ.

ಈಗ ಪಾಸ್‌ವರ್ಡ್. ಇಲ್ಲಿ ಮೂರು ಗುಂಡಿ ಇವೆ, ಮೂರೂ ಆಳ.

ಮೊದಲನೆಯದು ಪಿನ್. ಇವತ್ತು ಮನೆಯಲ್ಲಿ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕುವವರು ಎಷ್ಟು ಜನ? ನಾಲ್ಕಂಕಿ ಪಿನ್ ಒತ್ತುತ್ತೇವೆ, ಇಲ್ಲವೇ ಬೆರಳಿಡುತ್ತೇವೆ. ವರ್ಷಗಟ್ಟಲೆ ಹೀಗೆ ಮಾಡಿದ ಮೇಲೆ ಪಿನ್ನೇ ಪಾಸ್‌ವರ್ಡ್ ಅಂತ ಮನಸ್ಸು ನಂಬಿಬಿಟ್ಟಿರುತ್ತದೆ. ಪಿನ್ ಆ ಒಂದು ಯಂತ್ರಕ್ಕೆ ಕಟ್ಟಿಹಾಕಿದ್ದು. ಅದರ ಮುಂದೆ ಕೂತು ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ. ನೆಟ್‌ವರ್ಕಿನ ಮೇಲೆ ಅದಕ್ಕೆ ಕಿಮ್ಮತ್ತಿಲ್ಲ. ಇದು ದೋಷವೇನಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಯಾರೋ ನಿಮ್ಮ ಭುಜದ ಮೇಲಿಂದ ಪಿನ್ ನೋಡಿಕೊಂಡರೂ ದೂರದಿಂದ ಒಳಗೆ ಬರಲಾಗದಿರಲಿ ಅಂತ.

ಎರಡನೆಯದು ಮೈಕ್ರೋಸಾಫ್ಟ್ ಅಕೌಂಟ್. ಹಾಲಿನ ಕಂಪ್ಯೂಟರಿಗೆ ನೀವು ಇಮೇಲ್ ಹಾಕಿ ಲಾಗಿನ್ ಆಗುತ್ತಿದ್ದರೆ, ಪೆಟ್ಟಿಗೆಯಲ್ಲಿ ಆ ಚೀಟಿಯ ಸಾಲಿನ ಬದಲು ಪೂರ್ತಿ ಇಮೇಲ್ ವಿಳಾಸ ಮತ್ತು ಆ ಅಕೌಂಟಿನ ಪಾಸ್‌ವರ್ಡ್ ಕೊಡಬೇಕು. ಕೇಳಲು ಸರಳ. ಆದರೆ ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದ್ದರೂ ಒಳಗೆ ಬಿಡದ ಸಂದರ್ಭ ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಇಲ್ಲಿ ಸುಮ್ನೆ ತಲೆ ಚಚ್ಚಿಕೊಳ್ಳುತ್ತಾರೆ.

ನೆಟ್‌ವರ್ಕ್ ಲಾಗಿನ್ ಆಗುವಾಗ ಪಾಸ್‌ವರ್ಡ್ ವೈಫೈ ಮೇಲೆ ಹಾರಿ ಹೋಗುವುದಿಲ್ಲ. ಮನೆಗಳಲ್ಲಿ ಬಳಕೆಯಾಗುವುದು ಎನ್‌ಟಿಎಲ್‌ಎಂ ಅನ್ನುವ ಹಳೇ ಪದ್ಧತಿ, ವಿಂಡೋಸ್ ಎನ್‌ಟಿ ಕಾಲದ್ದು. ಆ ಕಡೆಯ ಕಂಪ್ಯೂಟರ್ ಬಾಯಿಗೆ ಬಂದ ಒಂದು ಸಂಖ್ಯೆ ಕಳಿಸುತ್ತದೆ, 8 ಬೈಟ್ ಉದ್ದದ್ದು. ನಿಮ್ಮ ಲ್ಯಾಪ್‌ಟಾಪ್ ಆ ಸಂಖ್ಯೆಯನ್ನೂ ನೀವು ಟೈಪ್ ಮಾಡಿದ ಪಾಸ್‌ವರ್ಡಿನಿಂದ ಬರುವ ಹ್ಯಾಶನ್ನೂ (ಪಾಸ್‌ವರ್ಡನ್ನು ಅರೆದು ಮಾಡಿದ, ಹಿಂದಕ್ಕೆ ತಿರುಗಿಸಲಾಗದ ಗುರುತು) ಸೇರಿಸಿ ಒಂದು ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಆ ಕಡೆಯೂ ತನ್ನಲ್ಲಿ ಬಚ್ಚಿಟ್ಟ ಹ್ಯಾಶ್ ತೆಗೆದು ಅದೇ ಲೆಕ್ಕ ಮಾಡುತ್ತದೆ. ಎರಡು ಉತ್ತರವೂ ಒಂದೇ ಆದರೆ ಒಳಗೆ ಬಾ ಅನ್ನುತ್ತದೆ. ಅಂದರೆ ಆ ಕಡೆಯ ಕಂಪ್ಯೂಟರಿನಲ್ಲಿ ನಿಮ್ಮ ಪಾಸ್‌ವರ್ಡಿನ ಹ್ಯಾಶ್ ಮೊದಲೇ ಇರಬೇಕು.

ಈಗ ಯೋಚನೆ ಮಾಡಿ. ಹೊಸ ಕಂಪ್ಯೂಟರ್ ತಂದಿರಿ. ಮೊಬೈಲಿಗೆ ಬಂದ ಕೋಡ್ ಒಪ್ಪಿಸಿ ಮೈಕ್ರೋಸಾಫ್ಟ್ ಅಕೌಂಟ್ ಸೇರಿಸಿದಿರಿ. ಪಿನ್ ಇಟ್ಟಿರಿ. ಅವತ್ತಿನಿಂದ ಪಿನ್ನೇ. ಆ ಯಂತ್ರದ ಮುಂದೆ ಕೂತು ಪಾಸ್‌ವರ್ಡನ್ನು ಒಂದು ಸಲವೂ ಟೈಪ್ ಮಾಡಿಲ್ಲ. ಹಾಗಾದರೆ ಹೋಲಿಸಿ ನೋಡಲು ಅದರ ಹತ್ತಿರ ಏನಿದೆ? ಏನೂ ಇಲ್ಲ. ನೀವು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅದು ತಪ್ಪು ಅಂತಲೇ ಹೇಳುತ್ತದೆ. ಪಾಸ್‌ವರ್ಡನ್ನು ಮೊಬೈಲಿನಿಂದ ಬದಲಾಯಿಸಿ, ಹಾಲಿನ ಕಂಪ್ಯೂಟರಿಗೆ ಇನ್ನೂ ಹೊಸದನ್ನು ಹಾಕದಿದ್ದರೆ ಹಳೇ ಪಾಸ್‌ವರ್ಡೇ ನಡೆಯುತ್ತಿರುತ್ತದೆ. ಅದಕ್ಕೂ ಇದೇ ಕಾರಣ.

ಮದ್ದು ಇದೆ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಸೆಟಿಂಗ್ಸ್, ಅಕೌಂಟ್ಸ್, ಸೈನ್ ಇನ್ ಆಪ್ಷನ್ಸ್. ಅಲ್ಲಿ ಈ ಯಂತ್ರದಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ವಿಂಡೋಸ್ ಹಲೋ (ಅಂದರೆ ಪಿನ್, ಬೆರಳು ಇಂಥವು) ಮಾತ್ರ ಸಾಕು ಅನ್ನುವ ಅರ್ಥದ ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿ, ಸೈನ್ ಔಟ್ ಆಗಿ, ಒಂದು ಸಲ ಪಿನ್ ಬದಲು ಪಾಸ್‌ವರ್ಡ್ ಹಾಕಿ ಒಳಗೆ ಬನ್ನಿ. ಹ್ಯಾಶ್ ಕೂತುಕೊಳ್ಳುತ್ತದೆ. ಆಮೇಲೆ ಬೇಕಾದರೆ ಮತ್ತೆ ಪಿನ್ ಬಳಸಿ. ಇನ್ನೊಂದು ವಿಷಯ. 2021ರ ಸೆಪ್ಟೆಂಬರಿನಿಂದ ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡನ್ನೇ ತೆಗೆದುಹಾಕುವ ಅನುಕೂಲ ಬಂದಿದೆ. ಅದನ್ನು ಮಾಡಿಕೊಂಡವರಿಗೆ ಕೊಡಲು ಪಾಸ್‌ವರ್ಡೇ ಇಲ್ಲ. ಅವರಿಗೆ ಈ ಮದ್ದು ಹತ್ತುವುದಿಲ್ಲ. ಅವರಿಗೆ ಬೇರೆ ದಾರಿ ಇದೆ, ಇನ್ನೇನು ಹೇಳುತ್ತೇನೆ.

ಮೂರನೆಯ ಗುಂಡಿ ಖಾಲಿ ಪಾಸ್‌ವರ್ಡ್. ‘ಮನೆ ಕಂಪ್ಯೂಟರಿಗೆ ಯಾಕ್ರೀ ಪಾಸ್‌ವರ್ಡ್, ನಾವು ಇಟ್ಟೇ ಇಲ್ಲ’ ಅನ್ನುವವರಿದ್ದಾರೆ. ಎದುರು ಕೂತು ಬಳಸಲು ತೊಂದರೆ ಇಲ್ಲ. ಆದರೆ ಪಾಸ್‌ವರ್ಡ್ ಇಲ್ಲದ ಅಕೌಂಟನ್ನು ನೆಟ್‌ವರ್ಕಿನಿಂದ ಒಳಗೆ ಬಿಡಬಾರದು ಅನ್ನುವ ನಿಯಮ ವಿಂಡೋಸಿನಲ್ಲಿ ಎಕ್ಸ್‌ಪಿ ಕಾಲದಿಂದಲೂ ಇದೆ, ಮೊದಲಿಂದಲೇ ಆನ್ ಆಗಿಯೇ ಬರುತ್ತದೆ. ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದರೆ ಅಕೌಂಟಿಗೆ ನಿರ್ಬಂಧ ಇದೆ ಅಂತ ಏನೋ ಒಂದು ಉದ್ದದ ಸಾಲು ಬರುತ್ತದೆ. ಆ ನಿಯಮವನ್ನು ಮುರಿಯುವ ದಾರಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಮುರಿಯಬೇಡಿ. ಪಾಸ್‌ವರ್ಡ್ ಇಡಿ.

ಈಗ ನನ್ನ ಸಲಹೆ. ಈ ಮೂರು ಗುಂಡಿಗಳನ್ನೂ ಒಂದೇ ಸಲ ದಾಟುವ ದಾರಿ ಇದು, ನಾನು ಎಲ್ಲ ಮನೆಯಲ್ಲೂ ಇದನ್ನೇ ಮಾಡುವುದು. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ನೆಟ್‌ವರ್ಕಿಗೆ ಅಂತಲೇ ಒಂದು ಲೋಕಲ್ ಅಕೌಂಟ್ ಮಾಡಿ. ಸೆಟಿಂಗ್ಸ್, ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್. ಆಡ್ ಅಕೌಂಟ್ ಒತ್ತಿದ ತಕ್ಷಣ ಇಮೇಲ್ ಕೇಳುತ್ತದೆ. ಕೊಡಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನಲ್ಲಿಲ್ಲ ಅನ್ನುವ ಕೊಂಡಿ ಇರುತ್ತದೆ, ಅದನ್ನು ಒತ್ತಿ. ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಯೂಸರ್ ಸೇರಿಸು ಅನ್ನುವ ಕೊಂಡಿ. ಇಷ್ಟು ಮರೆಯಲ್ಲಿ ಇಟ್ಟಿದ್ದು ಯಾಕೆ ಅಂತ ನೀವೇ ಊಹಿಸಿ! ಹೆಸರು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಇರಲಿ, ನಡುವೆ ಜಾಗ ಬೇಡ. ‘ಮನೆ’ ಅಂತಲೇ ಇಡಿ ಬೇಕಾದರೆ. ಪಾಸ್‌ವರ್ಡ್ ಉದ್ದವಾಗಿರಲಿ. ಮನೆಯವರಿಗೆ ನೆನಪಿರುವ ನಾಲ್ಕು ಪದ ಸೇರಿಸಿದರೂ ಆಯಿತು. ಅಡ್ಮಿನಿಸ್ಟ್ರೇಟರ್ ಮಾಡಬೇಡಿ, ಸ್ಟ್ಯಾಂಡರ್ಡ್ ಯೂಸರ್ ಸಾಕು. ಈ ಅಕೌಂಟಿನಿಂದ ಯಾರೂ ಆ ಕಂಪ್ಯೂಟರಿನ ಮುಂದೆ ಕೂತು ಲಾಗಿನ್ ಆಗಬೇಕಾಗಿಲ್ಲ. ಅದು ಬಾಗಿಲು ತೆರೆಯಲು ಮಾತ್ರ.

ಆಮೇಲೆ ಶೇರ್ ಮಾಡಿದ ಫೋಲ್ಡರಿಗೆ ಈ ‘ಮನೆ’ ಅಕೌಂಟಿಗೆ ಅನುಮತಿ ಕೊಡಿ. ಮೇಲೆ ಹೋಗಿ ಹಾಲ್‌ಪಿಸಿ\ಮನೆ ಅಂತ ಹಾಕಿ, ಪಾಸ್‌ವರ್ಡ್ ಹಾಕಿ, ನೆನಪಿಟ್ಟುಕೋ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಅಪ್ಪ ತಮ್ಮ ಪಿನ್ ಬದಲಾಯಿಸಲಿ, ಮಗಳು ಇಮೇಲ್ ಬದಲಾಯಿಸಲಿ, ಇದು ಅಲ್ಲಾಡುವುದಿಲ್ಲ.

ಇಲ್ಲೊಂದು ಎಡವಟ್ಟು ಆಗುವುದುಂಟು. ಎಲ್ಲ ಸರಿ ಮಾಡಿದ ಮೇಲೂ ‘ಒಬ್ಬನೇ ಬಳಕೆದಾರ ಎರಡು ಹೆಸರಿನಲ್ಲಿ ಒಂದೇ ಸರ್ವರಿಗೆ ಸಂಪರ್ಕ ಮಾಡುವಂತಿಲ್ಲ’ ಅನ್ನುವ ಅರ್ಥದ ಸಂದೇಶ ಬರುತ್ತದೆ. ಅದರ ನಂಬರ್ 1219. ಬೆಳಗ್ಗಿಂದ ಬೇರೆ ಬೇರೆ ಹೆಸರು ಹಾಕಿ ನೋಡಿದ್ದೀರಲ್ಲ, ಅದರಲ್ಲಿ ಯಾವುದೋ ಒಂದು ಅರ್ಧ ಸಂಪರ್ಕ ಇನ್ನೂ ಜೀವಂತ ಇದೆ. ಲ್ಯಾಪ್‌ಟಾಪಿನ ಕಪ್ಪು ಕಿಟಕಿಯಲ್ಲಿ ‘ನೆಟ್ ಯೂಸ್’ ಅಂತ ಕೊಟ್ಟರೆ ಈಗಿರುವ ಸಂಪರ್ಕಗಳ ಪಟ್ಟಿ ಬರುತ್ತದೆ. ಅದರ ಮುಂದೆ ಒಂದು ನಕ್ಷತ್ರ ಚಿಹ್ನೆ, ಆಮೇಲೆ ಮುಂದಕ್ಕೆ ವಾಲಿದ ಗೆರೆ ಮತ್ತು ‘ಡಿಲೀಟ್’ ಸೇರಿಸಿದರೆ ಎಲ್ಲ ಸಂಪರ್ಕ ಕಡಿಯುತ್ತದೆ. ಇದು ರಗಳೆ ಅನ್ನಿಸಿದರೆ ಲ್ಯಾಪ್‌ಟಾಪನ್ನು ಒಂದು ಸಲ ರೀಸ್ಟಾರ್ಟ್ ಮಾಡಿ, ಅದೂ ಕೆಲಸ ಮಾಡುತ್ತದೆ.

ರೀಸ್ಟಾರ್ಟ್ ಮಾಡಿದರೂ ಹೋಗದ್ದು ಒಂದಿದೆ. ಹಿಂದೆ ಯಾವತ್ತೋ ತಪ್ಪು ಪಾಸ್‌ವರ್ಡಿಗೆ ನೆನಪಿಟ್ಟುಕೋ ಅಂತ ಟಿಕ್ ಹಾಕಿದ್ದರೆ ವಿಂಡೋಸ್ ಅದನ್ನು ಭಕ್ತಿಯಿಂದ ನೆನಪಿಟ್ಟುಕೊಂಡಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆಯಿರಿ, ವಿಂಡೋಸ್ ಕ್ರೆಡೆನ್ಷಿಯಲ್ಸ್ ಒತ್ತಿ. ಹಾಲ್‌ಪಿಸಿಯ ಹೆಸರೋ ಅದರ ಐಪಿ ನಂಬರೋ ಕಂಡರೆ ತೆಗೆದುಹಾಕಿ. ಲಾಗಿನ್ ತೊಂದರೆ ಅಂತ ಕರೆ ಬಂದರೆ ನಾನು ಮೊದಲು ನೋಡುವ ಜಾಗ ಇದು.

ಸರಿ, ಈಗ ಜಗಳದ ವಿಷಯ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಅನ್ನುವುದನ್ನು ಆಫ್ ಮಾಡಿ, ಎಲ್ಲ ಸರಿಹೋಗುತ್ತದೆ ಅಂತ ಸಾವಿರ ವಿಡಿಯೋಗಳು ಹೇಳುತ್ತವೆ. ಆಫ್ ಮಾಡಿದರೆ ಆಗುವುದೇನು? ಹೆಸರಿಲ್ಲದೆ ಬಂದವರನ್ನೂ ಗೆಸ್ಟ್ ಅಂತ ಒಳಗೆ ಬಿಡುತ್ತದೆ. ನಿಮ್ಮ ವೈಫೈಗೆ ಯಾರ್ಯಾರು ಸೇರಿದ್ದಾರೆ? ಹಬ್ಬಕ್ಕೆ ಬಂದ ನೆಂಟರ ಮಕ್ಕಳು, ಮೇಲಿನ ಬಾಡಿಗೆಯವರು, ಸಿಸಿಟಿವಿ ಹಾಕಲು ಬಂದ ಹುಡುಗ. ಅವರೆಲ್ಲರಿಗೂ ಅಂಗಡಿ ಲೆಕ್ಕದ ಫೋಲ್ಡರ್ ತೆರೆದಿಟ್ಟ ಹಾಗಾಯಿತು ಅಲ್ವಾ? ಅವರು ಒಳ್ಳೆಯವರೇ ಇರಬಹುದು. ಅವರ ಲ್ಯಾಪ್‌ಟಾಪಿನಲ್ಲಿ ಕೂತಿರುವ ವೈರಸ್ ಒಳ್ಳೆಯದಿರುವುದಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ್ದು ನಿಮಗೆ ನೆನಪಿರಬಹುದು. ಬ್ರಿಟನ್ನಿನ ಆಸ್ಪತ್ರೆಗಳೇ ನಿಂತುಹೋಗಿದ್ದವು. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿದ್ದು ಈ ಫೈಲ್ ಹಂಚಿಕೆಯ ದಾರಿಯಲ್ಲೇ, ವಿಂಡೋಸ್ ಫೈಲ್ ಹಂಚಲು ಬಳಸುವ ಎಸ್‌ಎಂಬಿ ಪದ್ಧತಿಯ ಮೊದಲ ಆವೃತ್ತಿಯಲ್ಲಿದ್ದ ತೂತಿನಿಂದ. ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಿನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 1980ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಪದ್ಧತಿ ಅದು. ಆಗ ನೆಟ್‌ವರ್ಕಿನಲ್ಲಿ ಕಳ್ಳರಿರುತ್ತಾರೆ ಅಂತ ಯಾರು ಅಂದುಕೊಂಡಿದ್ದರು?

2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಎಸ್‌ಎಂಬಿಯ ಮೊದಲ ಆವೃತ್ತಿ ತಾನಾಗಿ ಸೇರಿ ಬರುವುದು ನಿಂತಿತು. 2018ರಲ್ಲಿ ಹೋಮ್‌ಗ್ರೂಪನ್ನೂ ತೆಗೆದುಹಾಕಿದರು. ವಿಂಡೋಸ್ 7ರ ಜೊತೆ ಬಂದಿದ್ದ ಹೋಮ್‌ಗ್ರೂಪ್ ನೆನಪಿದೆಯಾ, ಒಂದು ಪಾಸ್‌ವರ್ಡ್ ಹಾಕಿದರೆ ಮನೆಯ ಎಲ್ಲ ಕಂಪ್ಯೂಟರೂ ಸೇರಿಕೊಳ್ಳುತ್ತಿದ್ದವು. ಮನೆಯವರಿಗೆ ನಿಜವಾಗಿ ಅನುಕೂಲವಾಗಿದ್ದ ವ್ಯವಸ್ಥೆ ಅದೊಂದೇ. ಅದನ್ನು ತೆಗೆದು ಅದರ ಜಾಗಕ್ಕೆ ಅಷ್ಟು ಸುಲಭದ ಇನ್ನೇನನ್ನೂ ಕೊಡಲಿಲ್ಲ ಅನ್ನುವುದು ನನ್ನ ತಕರಾರು. ಈಗ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ. ವಿಂಡೋಸಿನ ಪ್ರೊ ಬಗೆ ಇರುವ ಕಂಪ್ಯೂಟರುಗಳು ಬೇರೆ ಕಡೆಗೆ ಗೆಸ್ಟ್ ಆಗಿ ಹೋಗುವುದನ್ನೇ ಒಪ್ಪುವುದಿಲ್ಲ, ಮೇಲಾಗಿ ಪ್ರತಿ ಸಂದೇಶಕ್ಕೂ ಸಹಿ ಬೇಕು ಅನ್ನುತ್ತವೆ. ಗೆಸ್ಟಿಗೆ ಪಾಸ್‌ವರ್ಡ್ ಇಲ್ಲ, ಪಾಸ್‌ವರ್ಡ್ ಇಲ್ಲದೆ ಸಹಿ ಹಾಕಲು ಆಗುವುದಿಲ್ಲ. ಆದ್ದರಿಂದ ಆ ಸಾವಿರ ವಿಡಿಯೋಗಳ ಉಪಾಯ ಅಂಥ ಹೊಸ ಲ್ಯಾಪ್‌ಟಾಪಿನಲ್ಲಿ ನಡೆಯುವುದೂ ಇಲ್ಲ. ಮನೆ ಕಂಪ್ಯೂಟರಿನಲ್ಲಿ ‘ನಿಮ್ಮ ಸಂಸ್ಥೆಯ ನೀತಿ ಗೆಸ್ಟ್ ಪ್ರವೇಶವನ್ನು ತಡೆದಿದೆ’ ಅಂತ ಬಂದರೆ ಗಾಬರಿಯಾಗಬೇಡಿ. ಯಾವ ಸಂಸ್ಥೆಯೂ ನಿಮ್ಮ ಮನೆಗೆ ನುಗ್ಗಿಲ್ಲ. ಆಫೀಸಿಗೆ ಬರೆದ ವಾಕ್ಯವನ್ನು ಮನೆಗೂ ತೋರಿಸುತ್ತಿದ್ದಾರೆ ಅಷ್ಟೇ.

ಇನ್ನು ಲಾಗಿನ್ ತೊಂದರೆಯ ಹಾಗೆ ಕಾಣಿಸಿ ಲಾಗಿನ್ ತೊಂದರೆ ಅಲ್ಲದ್ದು ಎರಡಿವೆ. ನೆಟ್‌ವರ್ಕ್ ದಾರಿ ಸಿಗಲಿಲ್ಲ ಅಂತ ಬಂದರೆ ಪಾಸ್‌ವರ್ಡಿನ ತನಕ ನೀವು ಹೋಗಿಯೇ ಇಲ್ಲ. ಹಾಲಿನ ಕಂಪ್ಯೂಟರಿನಲ್ಲಿ ವೈಫೈ ಪಬ್ಲಿಕ್ ಅಂತ ಇದೆಯಾ ನೋಡಿ, ಪ್ರೈವೇಟ್ ಮಾಡಿ. ವಿಂಡೋಸ್ 11 ಹೊಸ ನೆಟ್‌ವರ್ಕನ್ನು ಪಬ್ಲಿಕ್ ಅಂತಲೇ ಹಿಡಿಯುತ್ತದೆ. ಆಮೇಲೆ ಎರಡೂ ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ‘ಐಪಿ ಕಾನ್ಫಿಗ್’ ಅಂತ ಜಾಗ ಬಿಡದೆ ಕೊಟ್ಟು ನಂಬರ್ ಹೋಲಿಸಿ. ಒಂದು 192.168.1ರಿಂದ, ಇನ್ನೊಂದು 192.168.0ಯಿಂದ ಶುರುವಾಗುತ್ತಿದ್ದರೆ ಮನೆಯಲ್ಲಿ ಎರಡು ರೂಟರ್ ಇವೆ: ಇಂಟರ್‌ನೆಟ್ಟಿನವರು ಕೊಟ್ಟ ಡಬ್ಬಿ ಒಂದು, ಮಹಡಿಗೆ ಸಿಗ್ನಲ್ ಬರಲಿ ಅಂತ ನೀವು ಹಾಕಿದ್ದು ಇನ್ನೊಂದು. ನೀವು ಹಾಕಿದ್ದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಸಿಗ್ನಲ್ ಮಾತ್ರ ಹರಡುವ ಹಾಗೆ) ತಂದರೆ ಎರಡೂ ಕಡೆ ಒಂದೇ ನೆಟ್‌ವರ್ಕ್ ಆಗುತ್ತದೆ. ಗೆಸ್ಟ್ ವೈಫೈನಲ್ಲಿ ಕೂತವರಿಗೂ ಬೇರೆ ಕಂಪ್ಯೂಟರ್ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಎರಡನೆಯದು, ಒಳಗೆ ಬಿಟ್ಟು ಆಮೇಲೆ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅನ್ನುವುದು. ಇಲ್ಲಿ ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಮತ್ತೆ ಅದನ್ನೇ ತಿದ್ದುತ್ತಾ ಕೂರಬೇಡಿ. ವಿಂಡೋಸಿನಲ್ಲಿ ಒಂದು ಫೋಲ್ಡರಿಗೆ ಎರಡು ಕಡೆ ಅನುಮತಿ ಇರುತ್ತದೆ. ಶೇರಿಂಗ್ ಟ್ಯಾಬಿನಲ್ಲಿ ಒಂದು, ಸೆಕ್ಯುರಿಟಿ ಟ್ಯಾಬಿನಲ್ಲಿ ಇನ್ನೊಂದು. ಎರಡರಲ್ಲಿ ಬಿಗಿಯಾದದ್ದು ಗೆಲ್ಲುತ್ತದೆ. ಅಪ್ಪನ ಪಿಕ್ಚರ್ಸ್ ಫೋಲ್ಡರನ್ನೇ ಅಡ್ವಾನ್ಸ್ಡ್ ಶೇರಿಂಗಿನಿಂದ ಶೇರ್ ಮಾಡಿದರೆ ಸೆಕ್ಯುರಿಟಿಯಲ್ಲಿ ‘ಮನೆ’ ಅನ್ನುವ ಹೆಸರೇ ಇರುವುದಿಲ್ಲ. ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ ಹಂಚಬೇಕಾದ್ದನ್ನು ಅಲ್ಲಿಗೆ ತಂದು ಹಾಕುವುದು ಒಳ್ಳೆಯದು. ಖಾಸಗಿಯದ್ದು ಖಾಸಗಿಯಾಗಿಯೇ ಇರುತ್ತದೆ.

ವಿಂಡೋಸ್ ಬದಲು ಲಿನಕ್ಸ್ ಇಟ್ಟುಕೊಂಡವರು ಇಬ್ಬರು ಮೂವರು ಕೈ ಎತ್ತಿದಿರಿ. ನಿಮಗೊಂದು ಮಾತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಹೊತ್ತಿಗೆ ಶುರು ಮಾಡಿದ ಸಾಂಬಾ ತಂತ್ರಾಂಶವೇ ಲಿನಕ್ಸ್ ವಿಂಡೋಸಿನ ಜೊತೆ ಫೈಲ್ ಹಂಚಿಕೊಳ್ಳಲು ಆಧಾರ. ಅದು ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಲಿನಕ್ಸಿನಲ್ಲಿ ಅಕೌಂಟ್ ಇದ್ದರೆ ಸಾಲದು, ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ ಆಜ್ಞೆಗೆ ಮೈನಸ್ ಎ ಸೇರಿಸಿ ಅದೇ ಹೆಸರನ್ನು ಸಾಂಬಾಗೂ ಪರಿಚಯ ಮಾಡಿಸಬೇಕು. ಮ್ಯಾಕ್‌ನಲ್ಲೂ ಇಂಥದ್ದೇ ಒಂದಿದೆ. ಫೈಲ್ ಶೇರಿಂಗ್ ಆನ್ ಮಾಡಿದರೆ ಮುಗಿಯಲಿಲ್ಲ, ಅದರ ಆಪ್ಷನ್ಸಿನಲ್ಲಿ ವಿಂಡೋಸ್ ಫೈಲ್ ಶೇರಿಂಗ್ ಅನ್ನುವಲ್ಲಿ ನಿಮ್ಮ ಹೆಸರಿನ ಮುಂದೆ ಟಿಕ್ ಹಾಕಿ ಪಾಸ್‌ವರ್ಡ್ ಕೊಡಬೇಕು. ಕಾರಣ ಮತ್ತೆ ಆ ಹ್ಯಾಶ್‌ನದ್ದೇ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಮೇಡಂ ಕೇಳಿದ್ದು: ‘ಸಾರ್, ಮೊದಲು ಪಾಸ್‌ವರ್ಡ್ ತಪ್ಪು ಅಂತಿತ್ತು. ಸುಮಾರು ಸಲ ಹಾಕಿದ ಮೇಲೆ ಅಕೌಂಟೇ ಲಾಕ್ ಆಗಿದೆ ಅಂತು. ಹಾಳಾಯ್ತಾ?’

ಇಲ್ಲ ಮೇಡಂ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ಹಾಕಿದ ಕಂಪ್ಯೂಟರುಗಳಲ್ಲಿ 10 ಸಲ ತಪ್ಪಿದರೆ 10 ನಿಮಿಷ ಲಾಕ್ ಆಗುತ್ತದೆ. ಕಾಫಿ ಕುಡಿದು ಬನ್ನಿ, ಬಿಟ್ಟಿರುತ್ತದೆ. ಬಂದ ಮೇಲೆ ಮತ್ತೆ ಊಹಿಸಿ ಹಾಕಬೇಡಿ. ಹಾಲ್‌ಪಿಸಿಯಲ್ಲಿ ನಿಜವಾದ ಹೆಸರು ನೋಡಿಕೊಂಡು ಹಾಕಿ.

ಟಿವಿಯಲ್ಲಿ ಆ ಫೋಟೋ ನೋಡಬಹುದಾ ಅಂತ ಇನ್ನೊಬ್ಬರು. ನೋಡಬಹುದು. ಆಂಡ್ರಾಯ್ಡ್ ಟಿವಿಗೆ ನೆಟ್‌ವರ್ಕ್ ಫೋಲ್ಡರ್ ತೆರೆಯುವ ಒಂದು ಆಪ್ ಹಾಕಿಕೊಂಡರೆ ಆಯಿತು. ಅಲ್ಲೂ ‘ಮನೆ’ ಅಕೌಂಟನ್ನೇ ಕೊಡಿ. ಅದಕ್ಕೆ ಬರೆಯುವ ಅನುಮತಿ ಬೇಡ, ಓದುವುದಷ್ಟೇ ಇರಲಿ ಅನ್ನಿಸಿದರೆ ಟಿವಿಗೆ ಬೇರೆಯೇ ಒಂದು ಅಕೌಂಟ್ ಮಾಡಿ.

ಒಬ್ಬರು ಹಳೇ ಹಾರ್ಡ್‌ಡಿಸ್ಕ್ ಡಬ್ಬಿಯ ಬಗ್ಗೆ ಕೇಳಿದರು. ರೂಟರಿಗೆ ಸಿಕ್ಕಿಸುವಂಥದ್ದು, ಎಸ್‌ಎಂಬಿಯ ಮೊದಲ ಆವೃತ್ತಿ ಬಿಟ್ಟು ಬೇರೇನೂ ಬರುವುದಿಲ್ಲವಂತೆ. ಅದರಲ್ಲಿರುವುದನ್ನು ಹೊಸ ಡಿಸ್ಕಿಗೆ ನಕಲು ಮಾಡಿ ಅದಕ್ಕೆ ನಿವೃತ್ತಿ ಕೊಡಿ. ನಕಲು ಮಾಡುವ ಹೊತ್ತಿಗೆ ಮಾತ್ರ ವಿಂಡೋಸ್ ಫೀಚರ್ಸಿನಲ್ಲಿ ಆ ಹಳೇ ಎಸ್‌ಎಂಬಿಯ ಕ್ಲೈಂಟ್ ಭಾಗಕ್ಕೆ ಟಿಕ್ ಹಾಕಿ, ಸರ್ವರ್ ಭಾಗಕ್ಕೆ ಬೇಡ. ಕೆಲಸ ಮುಗಿದ ಮೇಲೆ ತೆಗೆಯಿರಿ.

ಕೊನೆಗೆ ಹಿಂದಿನ ಸಾಲಿನ ಹುಡುಗನ ಪ್ರಶ್ನೆ, ಅವನಿಗೆ ಶಹಬ್ಬಾಸ್. ‘ಎರಡೂ ಕಂಪ್ಯೂಟರು ಒಂದೇ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ವಿ. ವರ್ಷಗಟ್ಟಲೆ ಸರಿ ಇತ್ತು. ಅಪ್‌ಡೇಟ್ ಆದ ಮೇಲೆ ಹೆಸರು, ಪಾಸ್‌ವರ್ಡ್ ಎಲ್ಲ ಸರಿ ಕೊಟ್ಟರೂ ಬಿಡ್ತಿಲ್ಲ.’

ಅಂಗಡಿಯವರು ಒಂದರಲ್ಲಿ ವಿಂಡೋಸ್ ಹಾಕಿ ಅದರ ಡಿಸ್ಕನ್ನೇ ಇನ್ನೊಂದಕ್ಕೆ ಕ್ಲೋನ್, ಅಂದರೆ ಪೂರ್ತಿ ನಕಲು, ಮಾಡಿರಬಹುದು. ಸಮಯ ಉಳಿಯುತ್ತದೆ ಅಂತ ಹಾಗೆ ಮಾಡುವವರಿದ್ದಾರೆ. ಪ್ರತಿ ವಿಂಡೋಸಿಗೂ ಎಸ್‌ಐಡಿ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕ್ಲೋನ್ ಮಾಡುವ ಮೊದಲು ಸಿಸ್‌ಪ್ರೆಪ್ ಅನ್ನುವ ಮೈಕ್ರೋಸಾಫ್ಟಿನದೇ ಉಪಕರಣ ಓಡಿಸದಿದ್ದರೆ ಎರಡಕ್ಕೂ ಒಂದೇ ಸಂಖ್ಯೆ ಉಳಿಯುತ್ತದೆ. ಮೊದಲೆಲ್ಲ ವಿಂಡೋಸ್ ಇದನ್ನು ನೋಡಿಯೂ ಸುಮ್ಮನಿತ್ತು. 2025ರ ಆಗಸ್ಟ್ ಕೊನೆಯಿಂದ ಬಂದ ವಿಂಡೋಸ್ 11ರ ಅಪ್‌ಡೇಟುಗಳು ಒಂದೇ ಎಸ್‌ಐಡಿ ಇರುವ ಎರಡು ಯಂತ್ರಗಳ ನಡುವೆ ಲಾಗಿನ್ ಬಿಡುವುದಿಲ್ಲ. ಎರಡೂ ಕಂಪ್ಯೂಟರಿನಲ್ಲಿ ‘ಹೂ ಆಮ್ ಐ’ ಕೊಟ್ಟು, ಜಾಗ ಬಿಟ್ಟು, ಮುಂದಕ್ಕೆ ವಾಲಿದ ಗೆರೆ ಮತ್ತು ‘ಯೂಸರ್’ ಸೇರಿಸಿ. ಉದ್ದದ ಸಂಖ್ಯೆ ಬರುತ್ತದೆ. ಕೊನೆಯ ಅಡ್ಡಗೆರೆ ಆದ ಮೇಲೆ ಇರುವುದು ಅಕೌಂಟಿನ ನಂಬರ್, ಅದನ್ನು ಬಿಡಿ. ಅದಕ್ಕಿಂತ ಹಿಂದಿನದೆಲ್ಲ ಎರಡರಲ್ಲೂ ಒಂದೇ ಇದೆಯಾ ನೋಡಿ. ವಿಂಡೋಸ್ ಬರೆದಿಟ್ಟ ದೂರುಗಳನ್ನು ತೋರಿಸುವ ಈವೆಂಟ್ ವ್ಯೂಯರಿನಲ್ಲಿ 6167 ನಂಬರಿನ ದೂರು ಕಂಡರೆ ಅದೂ ಇದೇ ಕಡೆ ಬೆರಳು ತೋರಿಸುತ್ತದೆ. ಒಂದೇ ಇದ್ದರೆ ಎರಡರಲ್ಲಿ ಒಂದಕ್ಕೆ ವಿಂಡೋಸನ್ನು ಹೊಸದಾಗಿ ಹಾಕಿಸಿಕೊಳ್ಳಿ. ಫೋಟೋ, ಲೆಕ್ಕ ಇಲ್ಲದ ಕಂಪ್ಯೂಟರನ್ನೇ ಅದಕ್ಕೆ ಆರಿಸಿಕೊಳ್ಳಿ, ಮತ್ತು ಈ ಸಲ ಡಿಸ್ಕ್ ನಕಲು ಮಾಡಬೇಡಿ ಅಂತ ಅಂಗಡಿಯವರಿಗೆ ಮೊದಲೇ ಹೇಳಿ.